ಸಿಸ್ಟರ್ ಆಡುವ ಮಾತು: ಶುಶ್ರೂಷೆಯಲ್ಲಿ ಸಮ್ಮೋಹನ ನಡೆದುಬಂದ ದಾರಿ

ಮಲೆನಾಡಿನಲ್ಲಿ ಸಮ್ಮೋಹನದ, ಅಂದರೆ ಹಿಪ್ನಾಸಿಸ್‌ನ ಮಾತೆತ್ತಿದರೆ ಕೇಳಿದವರ ಮನಸ್ಸು ಮೊದಲು ಹೊರಳುವುದು ವಶೀಕರಣ, ಮಾಟ, ಚೌಡಿಕಾಟಗಳ ಕಡೆಗೆ. ಆದ್ದರಿಂದ ಶಿವಮೊಗ್ಗದ ಆಸ್ಪತ್ರೆಯಲ್ಲಿ ಸುಟ್ಟಗಾಯದ ಡ್ರೆಸ್ಸಿಂಗ್ ಬದಲಿಸುವ ಸಿಸ್ಟರ್ ಈ ವಿದ್ಯೆಯನ್ನು ಬಳಸಬಹುದು ಎಂದರೆ, ಹೊಸನಗರದಿಂದಲೋ ತೀರ್ಥಹಳ್ಳಿಯಿಂದಲೋ ರೋಗಿಯನ್ನು ಕರೆತಂದ ಮನೆಯವರು ಬೆಚ್ಚಿಬೀಳುವುದು ಸಹಜವೇ. ಈ ಅಳುಕು ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ; ಯುರೋಪಿನಲ್ಲಿಯೂ ಈ ವಿದ್ಯೆ ಮೊದಲ ದಿನಗಳಿಂದ ಸಂಶಯವನ್ನು ಹೊತ್ತುಕೊಂಡೇ ನಡೆದಿದೆ.

ವಿಯೆನ್ನಾದ ವೈದ್ಯ ಫ್ರಾನ್ಸ್ ಮೆಸ್ಮರ್, ದೇಹದಲ್ಲಿ ಕಾಂತಶಕ್ತಿಯಂಥ ದ್ರವವೊಂದು ಹರಿಯುತ್ತದೆಂದೂ ಅದನ್ನು ಸರಿಪಡಿಸಿದರೆ ರೋಗ ವಾಸಿಯಾಗುತ್ತದೆಂದೂ ಸಾರಿ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ್ದ. 1784ರಲ್ಲಿ ಹದಿನಾರನೆಯ ಲೂಯಿ ನೇಮಿಸಿದ ಆಯೋಗದಲ್ಲಿ ಬೆಂಜಮಿನ್ ಫ್ರ್ಯಾಂಕ್ಲಿನ್ ಮತ್ತು ರಸಾಯನಶಾಸ್ತ್ರಜ್ಞ ಲವಾಸಿಯೇ ಇದ್ದರು. ಅಂಥ ದ್ರವವೇ ಇಲ್ಲ, ಕಂಡ ಪರಿಣಾಮಕ್ಕೆಲ್ಲ ಕಲ್ಪನೆಯೇ ಕಾರಣ ಎಂದು ಅವರು ತೀರ್ಪು ಕೊಟ್ಟರು. ಆದರೆ ಕಲ್ಪನೆಯೊಂದೇ ದೇಹದಲ್ಲಿ ಅಷ್ಟು ಬದಲಾವಣೆ ತರಬಲ್ಲದಾದರೆ ಅದನ್ನೇ ಏಕೆ ಅಭ್ಯಾಸ ಮಾಡಬಾರದು ಎಂದು ಆಗ ಹೆಚ್ಚಿನವರು ಕೇಳಲಿಲ್ಲ.

ನನ್ನ ಮಟ್ಟಿಗೆ ಈ ಚರಿತ್ರೆಯ ಬಹುಮುಖ್ಯ ಅಧ್ಯಾಯ ನಡೆದದ್ದು ನಮ್ಮ ದೇಶದಲ್ಲೇ. ಈಸ್ಟ್ ಇಂಡಿಯಾ ಕಂಪನಿಯ ಸ್ಕಾಟಿಷ್ ಶಸ್ತ್ರವೈದ್ಯ ಜೇಮ್ಸ್ ಎಸ್ಡೇಲ್, 1845ರ ಏಪ್ರಿಲ್‌ನಲ್ಲಿ ಬಂಗಾಳದ ಹೂಗ್ಲಿಯಲ್ಲಿ ಕೈದಿಯೊಬ್ಬನ ಮೇಲೆ ಮೆಸ್ಮರ್ ವಿಧಾನವನ್ನು ಮೊದಲ ಬಾರಿಗೆ ಪ್ರಯೋಗಿಸಿ ನೋಡಿದ. ನೋವಿಲ್ಲದೆ ಮಾಡಿದ 73 ಶಸ್ತ್ರಚಿಕಿತ್ಸೆಗಳನ್ನು ಎಂಟು ತಿಂಗಳಲ್ಲಿ ದಾಖಲಿಸಿದ; ಅವುಗಳಲ್ಲಿ ಆನೆಕಾಲು ರೋಗದಿಂದ ಬೆಳೆದ ಭಾರೀ ಗಡ್ಡೆಗಳನ್ನು ತೆಗೆದ ಪ್ರಕರಣಗಳೂ ಇದ್ದವು. 1846ರಲ್ಲಿ ಸರ್ಕಾರ ಅವನಿಗೆ ಕಲ್ಕತ್ತೆಯಲ್ಲಿ ಪ್ರತ್ಯೇಕ ಆಸ್ಪತ್ರೆಯನ್ನೇ ಒದಗಿಸಿತು. ಇದೆಲ್ಲ ಎಸ್ಡೇಲನ ಹೆಸರಿನಲ್ಲಿ ದಾಖಲಾಗಿದೆಯಾದರೂ, ಕತ್ತಲೆಗೋಣೆಯಲ್ಲಿ ರೋಗಿಯ ತಲೆಯ ಬಳಿ ಕುಳಿತು, ಕೆಲವೊಮ್ಮೆ ಗಂಟೆಗಟ್ಟಲೆ ಮೈಯ ಮೇಲೆ ಮೆಲ್ಲನೆ ಕೈಯಾಡಿಸುತ್ತ ಅವನನ್ನು ನೋವು ತಿಳಿಯದ ಸ್ಥಿತಿಗೆ ಇಳಿಸುತ್ತಿದ್ದವರು ಆಸ್ಪತ್ರೆಯ ಸ್ಥಳೀಯ ಸಹಾಯಕರು. ತಾನೇ ಮಾಡಿ ಬಳಲಿದ ವೈದ್ಯ ಆ ಕೆಲಸವನ್ನು ಅವರಿಗೆ ಒಪ್ಪಿಸಿದ್ದ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಶುಶ್ರೂಷೆಯ ಕೆಲಸ. ಮಾಡಿದವರ ಹೆಸರುಗಳು ಮಾತ್ರ ಚರಿತ್ರೆಯಲ್ಲಿ ಉಳಿಯಲಿಲ್ಲ.

1846ರ ಅಕ್ಟೋಬರ್‌ನಲ್ಲಿ ಬಾಸ್ಟನ್ನಿನಲ್ಲಿ ಈಥರ್, ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂದವು. ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸುವ ಔಷಧದ ಮುಂದೆ ಗಂಟೆಗಟ್ಟಲೆಯ ಸಹನೆ ನಿಲ್ಲಲಿಲ್ಲ. ಇದಕ್ಕೆ ತುಸು ಮುಂಚೆ ಮ್ಯಾಂಚೆಸ್ಟರಿನ ವೈದ್ಯ ಜೇಮ್ಸ್ ಬ್ರೇಡ್ 1843ರ ತನ್ನ ಗ್ರಂಥದಲ್ಲಿ ನಿದ್ರೆ ಎಂಬ ಅರ್ಥದ ಗ್ರೀಕ್ ಪದದಿಂದ ಹಿಪ್ನಾಟಿಸಂ ಎಂಬ ಪದವನ್ನು ಬಳಕೆಗೆ ತಂದ. ಇದು ನಿದ್ರೆಯಲ್ಲ, ಒಂದೇ ವಿಚಾರದ ಮೇಲೆ ನೆಟ್ಟ ಗಮನ ಎಂದು ಅವನಿಗೇ ಆಮೇಲೆ ಮನವರಿಕೆಯಾಗಿ ಹೆಸರು ಬದಲಿಸಲು ನೋಡಿದ. ಅಷ್ಟರಲ್ಲಿ ಹಳೆಯ ಹೆಸರೇ ಬೇರೂರಿತ್ತು. ಕನ್ನಡದಲ್ಲಂತೂ ಮೋಹ ಎಂಬ ಅರ್ಥ ಒಳಗೊಂಡ ಪದ ಸೇರಿಕೊಂಡು ತೊಡಕು ಇನ್ನಷ್ಟು ಹೆಚ್ಚಿತು. ವೈದ್ಯಲೋಕದ ಮನ್ನಣೆ ಮರಳಲು ನೂರು ವರ್ಷ ಹಿಡಿಯಿತು: 1955ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘ, 1958ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಇದರ ಬಳಕೆಯನ್ನು ಒಪ್ಪಿದವು.

1997ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ಸ್ವಯಂಸೇವಕರ ಕೈಯನ್ನು 47 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಇರಿಸಿ ಮಿದುಳಿನ ಚಿತ್ರ ತೆಗೆದಾಗ, ಸಮ್ಮೋಹನದಲ್ಲಿ ಕೊಟ್ಟ ಸೂಚನೆಗೆ ತಕ್ಕಂತೆ ನೋವಿನ ಸಂಕಟ ಏರಿಳಿಯುವುದೂ ಅದರ ಗುರುತು ಮಿದುಳಿನ ನಿರ್ದಿಷ್ಟ ಭಾಗದಲ್ಲಿ ಮೂಡುವುದೂ ಕಂಡಿತು. 2000ದಲ್ಲಿ ವೈದ್ಯೆ ಎಲ್ವಿರಾ ಲ್ಯಾಂಗ್ ಮತ್ತು ಸಂಗಡಿಗರು, ರಕ್ತನಾಳ ಹಾಗೂ ಮೂತ್ರಪಿಂಡದ ಚಿಕಿತ್ಸೆಗೆ ಒಳಗಾಗುತ್ತಿದ್ದ 241 ರೋಗಿಗಳ ಮೇಲಿನ ಅಧ್ಯಯನವನ್ನು ಪ್ರಕಟಿಸಿದರು. ಎಂದಿನ ಆರೈಕೆ ಪಡೆದವರಲ್ಲಿ ಹೊತ್ತು ಹೋದಂತೆ ನೋವು ಏರುತ್ತ ಹೋದರೆ, ಸ್ವಸಮ್ಮೋಹನದ ನೆರವು ಪಡೆದವರಲ್ಲಿ ಅದು ಏರಲಿಲ್ಲ. ಚಿಕಿತ್ಸೆಯ ಸರಾಸರಿ ಅವಧಿಯೂ 78 ನಿಮಿಷದಿಂದ 61ಕ್ಕೆ ಇಳಿಯಿತು. ಅದೇ ತಂಡದ 2005ರ ವರದಿ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಚುಚ್ಚುತ್ತದೆ, ಉರಿಯುತ್ತದೆ ಎಂದು ಮುಂಚೆಯೇ ಎಚ್ಚರಿಸಿದಾಗ ರೋಗಿಯ ನೋವೂ ಆತಂಕವೂ ತಗ್ಗುವ ಬದಲು ಹೆಚ್ಚಿದ್ದವು.

ನಮ್ಮ ವಾರ್ಡುಗಳಲ್ಲಿ ಸೂಜಿ ಹಿಡಿದವರು ಪ್ರೀತಿಯಿಂದಲೇ ಆಡುವ ಮಾತು ಇದೇ: “ಇರುವೆ ಕಚ್ಚಿದ ಹಾಗೆ ಆಗುತ್ತೆ, ಸ್ವಲ್ಪ ತಡ್ಕೊಳ್ಳಿ.” ಇದರ ಬದಲು ಉಸಿರನ್ನು ನಿಧಾನವಾಗಿ ಬಿಡಲು ಹೇಳಿ, ಮನಸ್ಸಿಗೆ ಹಿತವಾದ ಜಾಗ ಯಾವುದೆಂದು ರೋಗಿಯನ್ನೇ ಕೇಳಿ, ಅಲ್ಲಿ ಏನು ಕಾಣುತ್ತದೆ, ಏನು ಕೇಳಿಸುತ್ತದೆ ಎಂದು ಒಂದೊಂದೇ ಮಾತಿನಲ್ಲಿ ಅವರನ್ನು ಅಲ್ಲಿಗೆ ಕರೆದೊಯ್ಯುವುದೇ ಶುಶ್ರೂಷೆಗೆ ಒದಗುವ ಸಮ್ಮೋಹನದ ತಿರುಳು. ಹೊರಗಿನವರು ಬರೆದ ಪಾಠಗಳಲ್ಲಿ ಸಮುದ್ರದಂಡೆ ಬರುತ್ತದೆ. ಸಾಗರದ ಕಡೆಯ ಅಡಿಕೆ ಬೆಳೆಗಾರನಿಗೆ ತೋಟದ ಕಾಲುವೆಯಲ್ಲಿ ನೀರು ಹರಿಯುವ ಸದ್ದು, ಅಜ್ಜಿಗೆ ಹಂಚಿನ ಮಾಡಿನ ಮೇಲೆ ಆಷಾಢದ ಮಳೆ ಬೀಳುವ ಸದ್ದು ಅದಕ್ಕಿಂತ ಬೇಗ ಮನಸ್ಸಿಗೆ ಇಳಿದೀತು. ಆದ್ದರಿಂದ ಇದನ್ನು ಕಲಿಸುವುದಾದರೆ ಇಂಗ್ಲಿಷ್ ಪಾಠದ ಅನುವಾದದಿಂದ ಆಗುವುದಿಲ್ಲ. ರೋಗಿಯ ಮನೆಮಾತಿನಲ್ಲೇ ಕಲಿಸಬೇಕು.

ಇದು ನೋವಿನ ಔಷಧಕ್ಕೆ ಬದಲಿಯಲ್ಲ, ಅದರ ಜೊತೆಗಾರ. ಎಲ್ಲರೂ ಒಂದೇ ಮಟ್ಟದಲ್ಲಿ ಸ್ಪಂದಿಸುವುದಿಲ್ಲ. ತೀವ್ರ ಮನೋರೋಗ ಇರುವವರಲ್ಲಿ ಮನೋವೈದ್ಯರ ಸಲಹೆಯಿಲ್ಲದೆ ಪ್ರಯೋಗಿಸಬಾರದು. ತರಬೇತಿ ಬೇಕು, ವೈದ್ಯರ ತಿಳಿವಳಿಕೆಯಲ್ಲಿ ನಡೆಯಬೇಕು, ರೋಗಿಯ ಒಪ್ಪಿಗೆ ಇರಲೇಬೇಕು. ಆ ಒಪ್ಪಿಗೆ ಕೇಳುವಾಗ, ನೀವು ಎಚ್ಚರವಾಗಿಯೇ ಇರುತ್ತೀರಿ, ಬೇಡವೆನಿಸಿದ ಗಳಿಗೆಯಲ್ಲಿ ಕಣ್ಣು ತೆರೆಯಬಹುದು ಎಂಬ ಮಾತನ್ನು ರೋಗಿಗೂ ಪಕ್ಕದಲ್ಲಿ ನಿಂತ ಮನೆಯವರಿಗೂ ಡ್ರೆಸ್ಸಿಂಗ್ ಬಿಚ್ಚುವ ಮೊದಲೇ ಹೇಳಬೇಕು.