ಫುಟ್‌ಪಾತನ್ನು ಅಳೆಯುವ ಬಗೆ: ನಗರ ಸಾರಿಗೆ ಪಾಠದ ಟಿಪ್ಪಣಿ

ಮೊದಲು ಎರಡು ಸಂಖ್ಯೆ ಬಾಯಿಪಾಠ ಮಾಡಿಕೊಳ್ಳಿ: 1.8 ಮೀಟರ್ ಮತ್ತು 150 ಮಿಲಿಮೀಟರ್. ಎರಡೂ ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ ಐಆರ್‌ಸಿ 103ರಲ್ಲಿ (2012) ಇವೆ. ಮೊದಲನೆಯದು ಫುಟ್‌ಪಾತಿನ ಕನಿಷ್ಠ ಅಗಲ, ಎರಡನೆಯದು ರಸ್ತೆಯಿಂದ ಅದರ ಗರಿಷ್ಠ ಎತ್ತರ.

ನಾನು ಬಹಳ ದಿನ ತಪ್ಪು ತಿಳಿದಿದ್ದು ಇಲ್ಲೇ. 1.8 ಮೀಟರ್ ಎಂದರೆ ಕಾಂಪೌಂಡಿನಿಂದ ರಸ್ತೆಯಂಚಿನವರೆಗಿನ ಒಟ್ಟು ಅಗಲವಲ್ಲ. ಏನೂ ಅಡ್ಡ ಬಾರದೆ ನಡೆಯಲು ಸಿಗುವ ಅಗಲ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಬಂದರೂ ದಾಟಿಹೋಗಬೇಕು. ಮರ, ಕಂಬ, ಬೆಂಚುಗಳಿಗೆ ಬೇರೆ ಪಟ್ಟಿ ಇರಬೇಕು. ನಮ್ಮ ಬೀದಿಯಲ್ಲಿ ಟೇಪು ಹಿಡಿದು ನೋಡಿದೆ: ಫುಟ್‌ಪಾತ್ ಎರಡು ಮೀಟರಿಗಿಂತ ಜಾಸ್ತಿಯೇ ಇದೆ, ಆದರೆ ಟ್ರಾನ್ಸ್‌ಫಾರ್ಮರ್ ಪಕ್ಕ ಉಳಿದದ್ದು 70 ಸೆಂಟಿಮೀಟರ್. ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಅಲ್ಲಿಗೆ ಬಂದವರೇ ರಸ್ತೆಗಿಳಿದರು. ಅವರ ಪಾಲಿಗೆ ಆ ಫುಟ್‌ಪಾತಿನ ಅಗಲ 70 ಸೆಂಟಿಮೀಟರೇ.

ಎತ್ತರವೂ ಅಷ್ಟೇ ಮುಖ್ಯ. ಮಂಡಿನೋವಿನವರು ಒಂದಡಿ ಎತ್ತರದ ಕಲ್ಲು ಹತ್ತುವುದಿಲ್ಲ, ರಸ್ತೆಯಲ್ಲೇ ನಡೆಯುತ್ತಾರೆ. ಮನೆಮನೆಯ ಗೇಟಿನ ಮುಂದೆ ಫುಟ್‌ಪಾತನ್ನು ಇಳಿಸುವುದೂ ತಪ್ಪು: ನಡೆಯುವವರ ದಾರಿ ಸಮನಾಗಿರಬೇಕು, ಹತ್ತಿ ಇಳಿಯಬೇಕಾದ್ದು ಕಾರು.

ಬೆಂಗಳೂರಿನ ಟೆಂಡರ್‌ಶ್ಯೂರ್ ಎಂಬ ರಸ್ತೆ ಮರುನಿರ್ಮಾಣ ಯೋಜನೆಯ ರಸ್ತೆಗಳಲ್ಲಿ, ಉದಾಹರಣೆಗೆ ವಿಠಲ್ ಮಲ್ಯ ರಸ್ತೆಯಲ್ಲಿ, ಕೇಬಲ್, ಪೈಪುಗಳನ್ನು ನೆಲದಡಿಯ ಡಕ್ಟ್‌ಗಳಿಗೆ (ಕೊಳವೆ ಮಾರ್ಗಗಳಿಗೆ) ಸೇರಿಸಿ, ವಾಹನ ಪಥದ ಅಗಲ ಒಂದೇ ಸಮ ಇಟ್ಟು, ಉಳಿದ ಜಾಗವನ್ನು ನಡೆಯುವವರಿಗೆ ಬಿಟ್ಟರು. ಅಗೆದು ಮುಚ್ಚುವ ಕಾಟ ತಪ್ಪಿಸದೆ ಒಳ್ಳೆಯ ಫುಟ್‌ಪಾತ್ ಉಳಿಯದು ಎಂಬುದು ಇದರ ಹಿಂದಿನ ತರ್ಕ. ನನಗೆ ಅದು ಪೂರ್ತಿ ಒಪ್ಪಿಗೆ.

ಫುಟ್‌ಪಾತ್ ಬಿಟ್ಟು ರಸ್ತೆಗಿಳಿದವರ ಜೀವ ವಾಹನಗಳ ವೇಗದ ಮೇಲಿದೆ. ಹಾಗಾಗಿ ಇನ್ನು ವೇಗದ ಲೆಕ್ಕ. ಅಪಾಯ ಕಂಡು ಬ್ರೇಕ್ ಒತ್ತಲು ಚಾಲಕರಿಗೆ ಒಂದು ಸೆಕೆಂಡು ಬೇಕು ಎಂದಿಟ್ಟುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದ ಕಾರು ಅಷ್ಟರಲ್ಲಿ ಸುಮಾರು 8 ಮೀಟರ್ ಹೋಗಿ, ಒಣ ರಸ್ತೆಯಲ್ಲಿ ಇನ್ನೊಂದು 5 ಮೀಟರಿಗೆ ನಿಲ್ಲುತ್ತದೆ. 50 ಕಿ.ಮೀ. ವೇಗದ ಕಾರು ಆ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ದಾಟಿರುತ್ತದೆ. ಅಂದರೆ ಮೊದಲ ಕಾರು ನಿಂತ ಜಾಗಕ್ಕೆ ಬಂದಾಗ ಎರಡನೆಯದು ಇನ್ನೂ ಬ್ರೇಕನ್ನೇ ಹಾಕಿಲ್ಲ! ಅಲ್ಲಿ ಮಗುವೊಂದು ರಸ್ತೆ ದಾಟುತ್ತಿದ್ದರೆ ಪೂರ್ತಿ ವೇಗದ ಪೆಟ್ಟು.

ಸೈಕಲ್‌ಗೂ ಇದೇ ಲೆಕ್ಕ: ವಾಹನಗಳು 30ರೊಳಗೆ ಓಡುವ ಬೀದಿಯಲ್ಲಿ ಜೊತೆಯಾಗಿ ಸಾಗಬಹುದು, ಅದಕ್ಕಿಂತ ವೇಗದ ರಸ್ತೆಯಲ್ಲಿ ಬಿಳಿ ಗೆರೆ ಸಾಲದು, ನಡುವೆ ಗಟ್ಟಿ ತಡೆ ಬೇಕು.

ಅಭ್ಯಾಸಕ್ಕೆ: ನಿಮ್ಮ ಮನೆಯಿಂದ ಬಸ್ ಸ್ಟಾಪಿನವರೆಗೆ ಟೇಪು ಹಿಡಿದು ನಡೆಯಿರಿ. ಸರಾಸರಿ ತೆಗೆಯಬೇಡಿ, ಅತಿ ಕಿರಿದಾದ ಜಾಗದ ಅಳತೆಯನ್ನಷ್ಟೇ ಬರೆದುಕೊಳ್ಳಿ.