ಸ್ಟಾಕ್ ಪದ್ಧತಿ: ರಾಸಾಯನಿಕ ಹೆಸರಿನ ನಡುವೆ ರೋಮನ್ ಅಂಕಿ ಏಕೆ?

ಮರ್ಕ್ಯುರಸ್ ಕ್ಲೋರೈಡ್ ಮತ್ತು ಮರ್ಕ್ಯುರಿಕ್ ಕ್ಲೋರೈಡ್ ಎರಡರಲ್ಲೂ ಇರುವುದು ಪಾದರಸ ಹಾಗೂ ಕ್ಲೋರಿನ್ ಮಾತ್ರ. ಮೊದಲನೆಯದು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಕ್ಯಾಲೊಮೆಲ್ ಎಂಬ ಹೆಸರಿನಲ್ಲಿ 19ನೇ ಶತಮಾನದ ವೈದ್ಯರು ಅದನ್ನು ಹೊಟ್ಟೆ ಶುದ್ಧಿಗೆಂದು ಧಾರಾಳವಾಗಿ ಕೊಡುತ್ತಿದ್ದರು. ರೋಗಿಗಳಿಗೆ ಅದರಿಂದ ಒಳ್ಳೆಯದಾಯಿತೆಂದಲ್ಲ. ಎರಡನೆಯದು ನೀರಿನಲ್ಲಿ ಕರಗುವ ಉಗ್ರ ವಿಷ. ಇಷ್ಟು ದೊಡ್ಡ ಅಂತರವನ್ನು ತೋರಿಸುವ ಹೊಣೆಯನ್ನು ಹಳೆಯ ಪದ್ಧತಿ ‘ಅಸ್’, ‘ಇಕ್’ ಎಂಬ ಎರಡು ಬಾಲಗಳಿಗೆ ವಹಿಸಿಬಿಟ್ಟಿತ್ತು.

ಅಸ್ ಎಂದರೆ ಕಡಿಮೆ ಉತ್ಕರ್ಷಣ ಸಂಖ್ಯೆ, ಇಕ್ ಎಂದರೆ ಹೆಚ್ಚು. ಸಂಯುಕ್ತದಲ್ಲಿ ಒಂದು ಪರಮಾಣು ಎಷ್ಟು ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟಿದೆ ಅಥವಾ ಪಡೆದಿದೆ ಎಂದು ಲೆಕ್ಕ ಹಾಕುವ ಅಂಕಿಯೇ ಈ ಸಂಖ್ಯೆ; ಇಲ್ಲಿ ಅದನ್ನೇ ಬೆಲೆ ಎನ್ನೋಣ. ಆದರೆ ಎಷ್ಟು? ಕಬ್ಬಿಣದ ಫೆರಸ್ ಎಂದರೆ ಎರಡು, ತಾಮ್ರದ ಕ್ಯುಪ್ರಸ್ ಎಂದರೆ ಒಂದು. ಬಾಲವೊಂದೇ, ಬೆಲೆ ಬೇರೆ. ಬಾಯಿಪಾಠ ಮಾಡದೆ ವಿದ್ಯಾರ್ಥಿಗೆ ಬೇರೆ ದಾರಿಯಿಲ್ಲ. ಮ್ಯಾಂಗನೀಸಿನಂತೆ ಎರಡು, ನಾಲ್ಕು, ಏಳು ಎಂದು ಹಲವು ಸ್ಥಿತಿಗಳಲ್ಲಿ ಸಿಗುವ ಲೋಹಕ್ಕೆ ಎರಡೇ ಬಾಲಗಳು ಸಾಲುವುದೂ ಇಲ್ಲ.

ಜರ್ಮನಿಯ ಆಲ್ಫ್ರೆಡ್ ಸ್ಟಾಕ್ 1919ರಲ್ಲಿ ಸೂಚಿಸಿದ ಪರಿಹಾರ ಸರಳವಾದದ್ದು: ಆ ಸಂಖ್ಯೆಯನ್ನೇ ರೋಮನ್ ಅಂಕಿಯಲ್ಲಿ, ಲೋಹದ ಹೆಸರಿಗೆ ಅಂಟಿಸಿ, ಕಂಸದೊಳಗೆ ಬರೆಯಿರಿ. ಫೆರಸ್ ಕ್ಲೋರೈಡ್ ‘ಐರನ್ ಎರಡು ಕ್ಲೋರೈಡ್’ (ಬರೆಯುವಾಗ ಐರನ್(II) ಕ್ಲೋರೈಡ್) ಆಯಿತು, ಫೆರಿಕ್ ಕ್ಲೋರೈಡ್ ‘ಐರನ್ ಮೂರು ಕ್ಲೋರೈಡ್’. ಪ್ರಯೋಗಾಲಯದ ಪಾದರಸದ ಆವಿಯಿಂದ ವರ್ಷಗಟ್ಟಲೆ ನರಳಿ, ಅದರ ಅಪಾಯದ ಬಗ್ಗೆ ಎಚ್ಚರಿಸಿದವನೂ ಇದೇ ಸ್ಟಾಕ್.

ಇಲ್ಲಿ ಹೆಚ್ಚಿನವರು ಎಡವುವುದು ಅಂಕಿಯನ್ನು ಪರಮಾಣುಗಳ ಎಣಿಕೆ ಎಂದುಕೊಂಡಾಗ. ಕೆಂಪು ಬಣ್ಣದ ‘ಕಾಪರ್ ಒಂದು ಆಕ್ಸೈಡ್’ನಲ್ಲಿ ಒಂದು ಆಮ್ಲಜನಕಕ್ಕೆ ತಾಮ್ರದ ಪರಮಾಣುಗಳು ಎರಡಿವೆ. ಆಮ್ಲಜನಕದ ಬೆಲೆ ಎರಡು. ಅದನ್ನು ಸರಿದೂಗಿಸಲು ಒಂದರ ಬೆಲೆಯ ತಾಮ್ರ ಎರಡು ಬೇಕು, ಅಷ್ಟೆ. ಎಣಿಕೆಯನ್ನೇ ಹೇಳುವ ಮಾನೊ (ಒಂದು), ಡೈ (ಎರಡು), ಟ್ರೈ (ಮೂರು) ಎಂಬ ಪೂರ್ವಪದಗಳು ಇಂಗಾಲದ ಡೈಆಕ್ಸೈಡಿನಂತಹ ಅಲೋಹಗಳ ಸಂಯುಕ್ತಗಳಲ್ಲಿ ಹೆಚ್ಚಾಗಿ ಬಳಕೆಯಾಗುತ್ತವೆ. ಸೋಡಿಯಂ, ಕ್ಯಾಲ್ಸಿಯಂಗಳ ಬೆಲೆ ಬದಲಾಗದ ಕಾರಣ ಅಡುಗೆ ಉಪ್ಪಿನ ಹೆಸರಿಗೆ ಯಾವ ಅಂಕಿಯೂ ಬೇಡ.

ನಮ್ಮ ನೆಲದ ಅದಿರುಗಳಲ್ಲೂ ಇದನ್ನು ನೋಡಬಹುದು. ಬಳ್ಳಾರಿ, ಸಂಡೂರಿನ ಹೆಮಟೈಟ್ ಎಂದರೆ ‘ಐರನ್ ಮೂರು ಆಕ್ಸೈಡ್’. ಕುದುರೆಮುಖದಲ್ಲಿ ಅಗೆಯುತ್ತಿದ್ದ ಮ್ಯಾಗ್ನೆಟೈಟಿನದು ಸ್ವಲ್ಪ ತಕರಾರಿನ ಪ್ರಕರಣ: ಪ್ರತಿ ಮೂರು ಕಬ್ಬಿಣದಲ್ಲಿ ಒಂದರ ಬೆಲೆ ಎರಡು, ಉಳಿದೆರಡರದು ಮೂರು. ಸ್ಟಾಕ್ ಪದ್ಧತಿ ಅದಕ್ಕೂ ಗಾಬರಿಯಾಗದೆ ಎರಡು, ಮೂರು ಎಂಬ ಎರಡೂ ಅಂಕಿಗಳನ್ನು ಒಂದೇ ಕಂಸದಲ್ಲಿ ಅಲ್ಪವಿರಾಮವಿಟ್ಟು ಬರೆದುಬಿಡುತ್ತದೆ.