ಒಂದೇ ಬಟ್ಟಲು: ಕರ್ತನ ಭೋಜನದ ಹಳೆಯ ಪ್ರಶ್ನೆ

ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಕೆಥೋಲಿಕರಿಗೆ ಇದು ಪರಮಪ್ರಸಾದ, ಪ್ರೊಟೆಸ್ಟಂಟರಿಗೆ ಕರ್ತನ ಭೋಜನ. ಸಾಯುವ ಹಿಂದಿನ ರಾತ್ರಿ ಯೇಸು ಶಿಷ್ಯರ ಜೊತೆ ಮಾಡಿದ ಊಟದ ನೆನಪು. ಬರೀ ನೆನಪಾ, ಇಲ್ಲ ಕ್ರಿಸ್ತನೇ ಅದರಲ್ಲಿದ್ದಾನಾ? 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಪ್ರೊಟೆಸ್ಟಂಟ್ ಸುಧಾರಕರಾದ ಲೂಥರ್, ಜ್ವಿಂಗ್ಲಿ ಇಬ್ಬರೂ ಇದೇ ವಿಷಯಕ್ಕೆ ವಾದ ಮಾಡಿ ಬೇರೆಯಾದರು. ‘ಇದು ನನ್ನ ದೇಹ’ ಎಂದು ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡಿದ್ದರು.

ಅದಕ್ಕಿಂತ ಹಳೆಯ ಪ್ರಶ್ನೆ ಇನ್ನೊಂದಿದೆ. ಯಾರ ಜೊತೆ ಕೂತು ತಿನ್ನುತ್ತೇವೆ?

ಕ್ರಿ.ಶ. 55ರ ಸುಮಾರಿಗೆ ಯೇಸುವಿನ ಸಂದೇಶ ಸಾರುತ್ತಿದ್ದ ಪೌಲ, ಗ್ರೀಸಿನ ಕೊರಿಂಥದ ಕ್ರೈಸ್ತ ಸಭೆಗೆ ಕಾಗದ ಬರೆದ. ಅಲ್ಲಿ ಆಗ ಇದು ಹೊಟ್ಟೆ ತುಂಬಾ ಮಾಡುವ ಊಟವೇ. ಉಳ್ಳವರು ತಮ್ಮದನ್ನು ಮೊದಲೇ ತಿಂದು ಮುಗಿಸುತ್ತಿದ್ದರು. ಇಲ್ಲದವರು ಹಸಿದಿರುತ್ತಿದ್ದರು, ಮತ್ತೊಬ್ಬ ಕುಡಿದು ಅಮಲಿನಲ್ಲಿರುತ್ತಿದ್ದ. ‘ಇದು ಕರ್ತನ ಭೋಜನವೇ ಅಲ್ಲ’ ಎಂದು ಪೌಲ ಗದರಿದ. ಒಬ್ಬರಿಗೊಬ್ಬರು ಕಾಯಿರಿ ಎಂದ.

ಮಧ್ಯಯುಗದ ಯುರೋಪಿನಲ್ಲಿ ದ್ರಾಕ್ಷಾರಸದ ಬಟ್ಟಲು ಪಾದ್ರಿಗಳ ಕೈಯಲ್ಲೇ ಉಳಿಯಿತು, ಜನರಿಗೆ ರೊಟ್ಟಿ ಮಾತ್ರ. ದ್ರಾಕ್ಷಾರಸ ಚೆಲ್ಲೀತು ಎಂಬ ಭಯವೂ ಅದಕ್ಕೊಂದು ಕಾರಣ. 1414ರಲ್ಲಿ ಪ್ರಾಗ್‌ನ ಕೆಲವು ಪಾದ್ರಿಗಳು ಜನರಿಗೂ ಬಟ್ಟಲು ಕೊಡಲು ಶುರುಮಾಡಿದರು. ಮರುವರ್ಷ ಕಾನ್‌ಸ್ಟನ್ಸ್ ಊರಿನಲ್ಲಿ ಸೇರಿದ್ದ ಚರ್ಚಿನ ಮಹಾಸಭೆ ಅದನ್ನು ನಿಷೇಧಿಸಿತು. ಪ್ರಾಗ್‌ನ ಸುಧಾರಕ ಪಾದ್ರಿ ಯಾನ್ ಹುಸ್ ಅವರನ್ನು ಜೀವಂತ ಸುಟ್ಟಿದ್ದೂ ಅಲ್ಲೇ, ಅದೇ ವರ್ಷ. ಅವರ ಹಿಂಬಾಲಕರು ಬಾವುಟದ ಮೇಲೆ ಬಟ್ಟಲನ್ನೇ ಬರೆಸಿಕೊಂಡು ಯುದ್ಧಕ್ಕಿಳಿದರು. 1436ರ ಒಪ್ಪಂದದಲ್ಲಿ ಬೊಹೆಮಿಯಾದ (ಪ್ರಾಗ್ ಇರುವ ನಾಡು) ಜನ ಬಟ್ಟಲನ್ನು ಪಡೆದೇ ಬಿಟ್ಟರು.

ನಮ್ಮ ದಕ್ಷಿಣದಲ್ಲಿ ಬಟ್ಟಲಿಗೆ ಅಡ್ಡ ಬಂದದ್ದು ಜಾತಿ. ಎಂಜಲಿನ ಭಯ ಇಲ್ಲಿ ಎಷ್ಟು ಆಳಕ್ಕಿಳಿದಿದೆ ಅಂತ ಗೊತ್ತೇ ಇದೆ ಅಲ್ವಾ? ತಂಜಾವೂರಿನ ಕಡೆಯ ಪ್ರೊಟೆಸ್ಟಂಟ್ ಸಭೆಗಳಲ್ಲಿ ಮೇಲ್ಜಾತಿಯವರು ಬೇರೆ ಕೂರುತ್ತಿದ್ದರು, ಬಟ್ಟಲಿಗೂ ಅವರೇ ಮೊದಲು. ಯೇಸುವಿನ ಹೆಸರಲ್ಲೇ ಇದು ನಡೆದದ್ದು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯೊಳಗೆ ಜಾತಿಯನ್ನು ಕೂಡಲೇ ಬಿಡಬೇಕು ಎಂದು ಆದೇಶಿಸಿದರು. ಮದರಾಸಿನ ವೆಪೇರಿ, ತಂಜಾವೂರುಗಳಲ್ಲಿ ಎಷ್ಟೋ ಜನ ಜಾತಿ ಬಿಡುವ ಬದಲು ಸಭೆಯನ್ನೇ ಬಿಟ್ಟರು. ಮರುವರ್ಷ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರೂ ಈ ವಿಷಯದಲ್ಲಿ ಬಿಗಿಯಾಗಿಯೇ ಇದ್ದರು.

ಈಗ ಎಷ್ಟೋ ಪ್ರೊಟೆಸ್ಟಂಟ್ ಸಭೆಗಳಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಪುಟ್ಟ ಲೋಟ. ಕಾರಣ ರೋಗದ ಭಯ. ಕೆಥೋಲಿಕರಲ್ಲಿ 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಕೆಲವು ಸಂದರ್ಭಗಳಲ್ಲಿ ಜನರಿಗೂ ಬಟ್ಟಲು ಕೊಡಬಹುದು ಎಂದಿತು. ಆದರೂ ನಮ್ಮ ಕಡೆ ಭಾನುವಾರದ ಪೂಜೆಯಲ್ಲಿ ಜನರಿಗೆ ಸಿಗುವುದು ಸಾಮಾನ್ಯವಾಗಿ ರೊಟ್ಟಿ ಮಾತ್ರ.